ಕಪ್ಪಿಗೆ 1,000 ಕೋಟಿ: ರ್ಯೂಟೆರಿಯನ್ನು ಹಾಲಿನಲ್ಲಿ ಬೆಳೆಸಿದ ನನ್ನ ಅನುಭವ

ರ್ಯೂಟೆರಿ ಎಂದರೆ ಮೂಳೆ ಸವಕಳಿ ತಗ್ಗಿಸಬಹುದೆಂದು ಕೊಡುವ ಒಂದು ಒಳ್ಳೆಯ ಬ್ಯಾಕ್ಟೀರಿಯಾ. ಅದು ಹಾಲಿನಲ್ಲಿ ಬೆಳೆಯುವುದಿಲ್ಲ, ಕ್ಯಾಪ್ಸೂಲ್ ಕೊಟ್ಟು ಸುಮ್ಮನಿರಿ ಎನ್ನುವುದು ಈ ಕೆಲಸದಲ್ಲಿರುವ ಬಹಳಷ್ಟು ಜನರ ಮಾತು. ಅದು ಅರ್ಧ ನಿಜ. ಬರೀ ಹಾಲಿಗೆ ಹಾಕಿದರೆ ಅದು ಮೊಂಡು ಹಿಡಿದು ಕೂರುತ್ತದೆ. ಅಷ್ಟಾದರೂ ನನ್ನ 200 ಮಿಲೀ ಕಪ್ಪಿನಲ್ಲಿ, ಫ್ರಿಜ್ಜಿನಲ್ಲಿ ಹತ್ತು ದಿನ ಇಟ್ಟ ಮೇಲೂ, ಹೆಚ್ಚುಕಮ್ಮಿ 1,000 ಕೋಟಿ ಜೀವಂತ ಕಣಗಳು ಎಣಿಕೆಗೆ ಸಿಗುತ್ತಿವೆ. ಆಗುವುದಿಲ್ಲ ಎಂದವರಲ್ಲಿ ಕೆಲವರು ಈಗ ಹೆಪ್ಪು ಕೇಳುತ್ತಿದ್ದಾರೆ.

1,000 ಕೋಟಿ ಏಕೆ ಎಂದು ಕೇಳುವವರಿಗೆ: ಸ್ವೀಡನ್ನಿನಲ್ಲಿ 75ರಿಂದ 80 ವಯಸ್ಸಿನ, ಮೂಳೆ ಸಾಂದ್ರತೆ ಕಡಿಮೆಯಿದ್ದ 90 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರ್ಯೂಟೆರಿಯ ಎಟಿಸಿಸಿ ಪಿಟಿಎ 6475 ಎಂಬ ತಳಿಯನ್ನು ದಿನಕ್ಕೆ ಅಷ್ಟೇ ಕೊಟ್ಟದ್ದು. ಒಂದು ವರ್ಷದಲ್ಲಿ ಮೊಣಕಾಲ ಕೆಳಗಿನ ಟಿಬಿಯಾ ಮೂಳೆಯ ಸಾಂದ್ರತೆ ಪ್ಲಾಸಿಬೋ (ಹುಸಿಮಾತ್ರೆ) ಗುಂಪಿನಲ್ಲಿ ಸುಮಾರು ಶೇ. 1.85 ಇಳಿದರೆ, ತಳಿ ತಿಂದವರಲ್ಲಿ ಶೇ. 0.83 ಮಾತ್ರ ಇಳಿಯಿತು. 2024ರಲ್ಲಿ ಬಂದ ಎರಡು ವರ್ಷದ ಪ್ರಯೋಗ ಮಾತ್ರ ತಣ್ಣೀರೆರಚಿತು: ಮುಟ್ಟು ನಿಂತು ಹೆಚ್ಚು ಕಾಲವಾಗದ 239 ಮಹಿಳೆಯರಲ್ಲಿ ಅದೇ ತಳಿ ಅದೇ ಪ್ರಮಾಣದಲ್ಲಿ ಏನೂ ಮಾಡಲಿಲ್ಲ. ಹಾಗಾಗಿ ಈ ಕಪ್ಪು ನನ್ನ ಮಟ್ಟಿಗೆ ವಯಸ್ಸಾದವರದು. ಐವತ್ತರ ಆಸುಪಾಸಿನವರಿಗೆ ಇದನ್ನೇ ಮೂಳೆ ಮದ್ದೆಂದು ಮಾರುವವರ ಜೊತೆ ನಾನಿಲ್ಲ. ಮೂಳೆ ಸಾಂದ್ರತೆಯ ಅಂಕವಾದ ಟಿ-ಸ್ಕೋರ್ -2.5ರ ಕೆಳಗಿದ್ದರೆ ವೈದ್ಯರು ಕೊಟ್ಟ ಔಷಧಿಯೇ ಮುಖ್ಯ, ಕಪ್ಪು ಅದರ ಪಕ್ಕದಲ್ಲಿ.

ಈಗ ಲೆಕ್ಕಕ್ಕೆ ಬರೋಣ. ಕಪ್ಪಿಗೆ 1,000 ಕೋಟಿ ಬೇಕೆಂದರೆ ಮಿಲೀಗೆ 5 ಕೋಟಿ. ಹಾಲಿನ ಪ್ರೋಟೀನನ್ನು ಒಡೆದುಕೊಳ್ಳುವ ಶಕ್ತಿ ರ್ಯೂಟೆರಿಗೆ ಕಮ್ಮಿ. ಲ್ಯಾಕ್ಟೋಸ್ ಇದ್ದರೂ ಸಾರಜನಕಕ್ಕೆ ಹಸಿವು. ಮಿಲೀಗೆ ಹತ್ತು ಲಕ್ಷ ಕಣ ಹಾಕಿ ಅದು 50 ಪಟ್ಟು ಆಗಲಿ ಎಂದು ಕಾಯುವಷ್ಟರಲ್ಲಿ ಬೇರೆ ಯಾವುದೋ ಜೀವಿ ಹಾಲನ್ನು ಹಿಡಿದಿರುತ್ತದೆ. ಹೆಚ್ಚಿನವರ ಬ್ಯಾಚು ಕೆಡುವುದು ಇಲ್ಲೇ. 36 ಗಂಟೆ ಇಟ್ಟರೆ ಗಟ್ಟಿಯಾಗುತ್ತದೆ, ಆದರೆ ಗಟ್ಟಿಯಾಗಿಸಿದ್ದು ಯಾರು ಎಂಬುದು ಪ್ಲೇಟಿಗೆ (ಜೀವಿಗಳನ್ನು ಬೆಳೆಸಿ ಎಣಿಸುವ ತಟ್ಟೆಗೆ) ಹಾಕದೆ ಗೊತ್ತಾಗುವುದಿಲ್ಲ.

ಉಪಾಯ ಇಷ್ಟೇ: ಬೆಳೆಸುವ ಕೆಲಸವೆಲ್ಲ ತಾಯಿಹೆಪ್ಪಿನಲ್ಲಿ, ಅಂದರೆ ಮೊದಲೇ ಬೇರೆಯಾಗಿ ತಯಾರಿಸುವ ಹೆಪ್ಪಿನಲ್ಲಿ, ಆಗಬೇಕು, ಕುಡಿಯುವ ಹಾಲಿನಲ್ಲಿ ಎರಡು ಮೂರು ಬಾರಿ ಇಮ್ಮಡಿಯಾದರೆ ಸಾಕು. ತಾಯಿಹೆಪ್ಪಿಗೆ ರುಚಿಯ ಹಂಗಿಲ್ಲ. 10 ಪ್ರತಿಶತ ಕೆನೆರಹಿತ ಹಾಲಿನ ಪುಡಿ, 1 ಪ್ರತಿಶತ ಗ್ಲೂಕೋಸ್, 0.5 ಪ್ರತಿಶತ ಯೀಸ್ಟ್ ಎಕ್ಸ್‌ಟ್ರಾಕ್ಟ್. 90 ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯಿಸಿ 37ಕ್ಕೆ ಇಳಿಸಬೇಕು. 500 ಕೋಟಿಯ ಒಂದು ಕ್ಯಾಪ್ಸೂಲ್ 500 ಮಿಲೀಗೆ ಬಿದ್ದರೆ ಮಿಲೀಗೆ ಒಂದು ಕೋಟಿಯಿಂದ ಶುರು. ಬಾಟಲಿ ಕಂಠದವರೆಗೆ ತುಂಬಿರಲಿ, ಮೇಲಿನ ಗಾಳಿ ಕಮ್ಮಿಯಾದಷ್ಟೂ ಒಳ್ಳೆಯದು. ಆದರೆ ಮುಚ್ಚಳ ಬಿಗಿಯಬೇಡಿ, ಇದು ಗ್ಲೂಕೋಸಿನಿಂದ ಇಂಗಾಲಾಮ್ಲ ಬಿಡುವ ಜಾತಿ. ಗುಳ್ಳೆ ಕಂಡು ಕೆಟ್ಟಿತೆಂದು ಚೆಲ್ಲುವವರಿದ್ದಾರೆ, ಪ್ಲೇಟ್ ನೋಡಿ ನಿರ್ಧರಿಸಿ. ಪಿಹೆಚ್ 4.7ರ ಹತ್ತಿರ ಬಂದಾಗ, ಅಂದರೆ 16ರಿಂದ 20 ಗಂಟೆಗೆ, ನಿಲ್ಲಿಸಿದರೆ ಮಿಲೀಗೆ 30 ಕೋಟಿ ಆಸುಪಾಸು ಸಿಗುತ್ತದೆ. ಇನ್ನೂ ಇಟ್ಟರೆ ಹುಳಿ ಏರುತ್ತದೆ, ಎಣಿಕೆ ಏರುವುದಿಲ್ಲ.

ಇದನ್ನು ಕುಡಿಯುವ ಹಾಲಿಗೆ 5 ಪ್ರತಿಶತ ಹಾಕಿದರೆ ಮಿಲೀಗೆ ಒಂದೂವರೆ ಕೋಟಿ. ಮೂರು ಸಲ ಇಮ್ಮಡಿಯಾದರೆ 12 ಕೋಟಿ. ಹತ್ತು ದಿನದಲ್ಲಿ ಅರ್ಧ ಸತ್ತರೂ 5 ಕೋಟಿಯ ಮೇಲೇ ಉಳಿಯಿತು. ಯೀಸ್ಟಿನ ಕಹಿವಾಸನೆ ಇಪ್ಪತ್ತರಲ್ಲಿ ಒಂದು ಪಾಲಾಗಿ ಕರಗುವುದರಿಂದ ಕುಡಿಯುವವರ ದೂರೂ ಇಲ್ಲ.

ಗಟ್ಟಿಯಾಗಲು ಜೊತೆಗೆ ಮೊಸರು ಕಟ್ಟುವ ಬ್ಯಾಕ್ಟೀರಿಯಾ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಬೇಕು. ಮೊಸರಿನದೇ ಇನ್ನೊಂದು ಬ್ಯಾಕ್ಟೀರಿಯಾ ಬಲ್ಗಾರಿಕಸ್ ಬೇಡವೇ ಬೇಡ. ಅದು ಫ್ರಿಜ್ಜಿನಲ್ಲೂ ಹುಳಿ ಏರಿಸುತ್ತಲೇ ಇರುತ್ತದೆ, ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ. ರ್ಯೂಟೆರಿ ವಾರದೊಳಗೆ ನೆಲಕಚ್ಚುವುದು ಅದರಿಂದಲೇ. ಸಿದ್ಧ ಮೊಸರು ಹೆಪ್ಪಿನ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ, ಲೇಬಲ್ ಓದದೆ ತರಬೇಡಿ. ಉಷ್ಣತೆ 37 ಮೀರಬಾರದು. 42ರಲ್ಲಿ ಥರ್ಮೋಫಿಲಸ್ ನಾಲ್ಕೈದು ಗಂಟೆಗೇ ಹಾಲು ಕಟ್ಟಿಬಿಡುತ್ತದೆ, ರ್ಯೂಟೆರಿ ಇನ್ನೂ ಎದ್ದಿರುವುದೇ ಇಲ್ಲ. ಮೊಸರು ಯಂತ್ರಗಳ ಮುಳ್ಳನ್ನು ನಂಬದೆ ಹಾಲಿನೊಳಗೇ ಥರ್ಮಾಮೀಟರ್ ಇಳಿಸಿ ನೋಡಿ, 37ಕ್ಕಿಟ್ಟದ್ದು 41 ತೋರಿಸುವುದು ಹೊಸದೇನಲ್ಲ. ಥರ್ಮೋಫಿಲಸ್ ಎಷ್ಟು, ರ್ಯೂಟೆರಿಗಿಂತ ಎಷ್ಟು ಹೊತ್ತು ತಡವಾಗಿ ಹಾಕುವುದು, ಇವೆರಡು ನನ್ನ ಹತ್ತಿರವೇ ಇರಲಿ. ತಡವಾಗಿ ಹಾಕುತ್ತೇನೆ ಎಂಬುದನ್ನಂತೂ ಹೇಳಿದ್ದೇನೆ.

ದುಡ್ಡು ಹೋಗುವುದು ಹಾಲಿಗಲ್ಲ, ಎಣಿಕೆಗೆ. ಮೊದಮೊದಲು ಒಟ್ಟು ಖರ್ಚಿನ ಅರ್ಧಕ್ಕೂ ಹೆಚ್ಚನ್ನು ಎಂಆರ್‌ಎಸ್ ಅಗಾರ್ (ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಆಹಾರದ ಜೆಲ್ಲಿ) ಮತ್ತು ಆಮ್ಲಜನಕ ಹೀರುವ ಪೊಟ್ಟಣಗಳು ನುಂಗಿದವು. ಈಗ ಒಂದೇ ಪ್ಲೇಟನ್ನು ಆರು ಭಾಗ ಮಾಡಿ, ಒಂದೊಂದರಲ್ಲಿ ತೆಳುಮಾಡಿದ ಒಂದೊಂದು ಹಂತದ 10 ಮೈಕ್ರೋಲೀಟರ್ ಹನಿಗಳನ್ನು ಇಡುತ್ತೇನೆ. ಪ್ಲೇಟಿನ ಖರ್ಚು ಕಾಲು ಭಾಗಕ್ಕೆ ಇಳಿಯಿತು. ತಿಂಗಳಿಗೊಮ್ಮೆ ಮಾತ್ರ ಪೂರ್ತಿ ಪ್ಲೇಟ್: ಮಿಲೀಗೆ 5 ಕೋಟಿ ಇದ್ದರೆ ಲಕ್ಷ ಪಟ್ಟು ತೆಳುಮಾಡಿದ್ದರ 0.1 ಮಿಲೀ ಹರಡಿದಾಗ 50 ವಸಾಹತು (ಒಂದೊಂದು ಕಣ ಬೆಳೆದು ಆಗುವ ಚುಕ್ಕಿ) ಬರಬೇಕು. ಥರ್ಮೋಫಿಲಸ್ ಎಣಿಕೆಯಲ್ಲಿ ಸೇರದಿರಲು ಅಗಾರಿಗೆ ಲೀಟರಿಗೆ 1 ಮಿಗ್ರಾಂ ವ್ಯಾಂಕೋಮೈಸಿನ್ ಆಂಟಿಬಯಾಟಿಕ್. ರ್ಯೂಟೆರಿ ಅದಕ್ಕೆ ಹುಟ್ಟಿನಿಂದಲೇ ಜಗ್ಗುವುದಿಲ್ಲ, ಥರ್ಮೋಫಿಲಸ್ ಸಾಯುತ್ತದೆ. 37 ಡಿಗ್ರಿ, ಆಮ್ಲಜನಕರಹಿತ ಜಾರ್, 72 ಗಂಟೆ. 48ಕ್ಕೇ ತೆಗೆದರೆ ಸಣ್ಣ ವಸಾಹತುಗಳು ಕಣ್ಣಿಗೆ ಬೀಳುವುದಿಲ್ಲ. ಒಂದು ಎಚ್ಚರಿಕೆ: ಪ್ಯಾರಾಕೇಸಿ, ಪ್ಲಾಂಟಾರಮ್ ಎಂಬ ಇದೇ ಬಳಗದ ಬ್ಯಾಕ್ಟೀರಿಯಾಗಳು ಕೂಡ ಈ ಅಗಾರಿನಲ್ಲಿ ಬೆಳೆಯುತ್ತವೆ, ಹಾಗಾಗಿ ಒಂದೇ ಇನ್‌ಕ್ಯುಬೇಟರಿನಲ್ಲಿ ಅವನ್ನೂ ಬೆಳೆಸುವವರು ಎಣಿಕೆ ನೋಡಿ ಹಿಗ್ಗಬಾರದು.

ಅಡ್ಡದಾರಿಯ ಪ್ರಯೋಗಗಳೂ ಇವೆ. ಎಲ್ಲರೂ ಹಾಕುತ್ತಾರೆಂದು ಇನ್ಯುಲಿನ್ ಎಂಬ ಸಸ್ಯದ ನಾರು ಹಾಕಿ ನೋಡಿದೆ. ಎಣಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ, ಉದ್ದ ಸರಪಣಿಯ ಇನ್ಯುಲಿನ್ ಇದರ ಆಹಾರವಲ್ಲ. ಬಾಯಿಗೆ ಕೆನೆಯಂತೆ ಅನಿಸುತ್ತದೆ, ಅಷ್ಟೇ ಲಾಭ. ಗ್ಲಿಸರಾಲ್ ಹಾಕಿದರೆ ರ್ಯೂಟೆರಿನ್ ಎಂಬ ಜೀವಿನಾಶಕ ತಯಾರಾಗುತ್ತದೆ, ಕಲಬೆರಕೆ ತಡೆಯಬಹುದೆಂಬ ಆಸೆ. ಆದರೆ ಅದು ಜೊತೆಗಾರ ಥರ್ಮೋಫಿಲಸನ್ನೂ ಹಿಂಡಿತು, ಹಾಲು ಕಟ್ಟಲೇ ಇಲ್ಲ. ಹಳೆ ಕಪ್ಪಿನಿಂದ ಹೊಸ ಕಪ್ಪಿಗೆ ಹೆಪ್ಪು ದಾಟಿಸುತ್ತಾ ಹೋಗುವುದು ಅಗ್ಗವೇನೋ ಹೌದು. ಎರಡನೇ ದಾಟಿಗೆ ಪರವಾಗಿಲ್ಲ, ಮೂರನೆಯದಕ್ಕೆ ರ್ಯೂಟೆರಿ ಹತ್ತರಲ್ಲಿ ಒಂದಾಗಿ ಥರ್ಮೋಫಿಲಸ್ ಮೆರೆಯುತ್ತದೆ. ಪ್ರತಿಸಲ ತಾಯಿಹೆಪ್ಪಿಗೇ ಮರಳಿ.

ಕುಡಿಸುವ ಸಮಯದಲ್ಲಿ ಕೆಡುವುದು ಬೇರೆ. ಮೂಳೆ ಸವಕಳಿಗೆ ಅಲೆಂಡ್ರೊನೇಟ್ ತೆಗೆದುಕೊಳ್ಳುವವರು ಮಾತ್ರೆಯನ್ನು ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಿ ಕನಿಷ್ಠ ಅರ್ಧ ಗಂಟೆ ಏನನ್ನೂ ಮುಟ್ಟಬಾರದು. ಬೆಳಿಗ್ಗೆ ಎದ್ದೊಡನೆ ಕಪ್ಪು ಕುಡಿದರೆ ಹಾಲಿನ ಕ್ಯಾಲ್ಸಿಯಂ ಮಾತ್ರೆಯನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಥೈರಾಕ್ಸಿನ್ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ. ಅದಕ್ಕೇ ನಾನು ಕಪ್ಪನ್ನು ಸಂಜೆಗೆ ಹಾಕಿದೆ, ತಕರಾರೆಲ್ಲ ಒಟ್ಟಿಗೆ ಮುಗಿಯಿತು. ಆಂಟಿಬಯಾಟಿಕ್ ನಡೆಯುತ್ತಿದ್ದರೆ ಎರಡು ಮೂರು ಗಂಟೆ ಬಿಟ್ಟು. ಈ ತಳಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದಿಂದ ಅಲರ್ಜಿಯ ಲಕ್ಷಣ ತರುವ ಹಿಸ್ಟಮಿನ್ ಮಾಡುತ್ತದೆ, ಹಿಸ್ಟಮಿನ್ ಆಗದವರಿಗೆ ಬೇಡ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ, ರಕ್ತನಾಳದಲ್ಲಿ ಕ್ಯಾಥೆಟರ್ ಇರುವವರಿಗೆ ಮನೆಯಲ್ಲಿ ಬೆಳೆಸಿದ ಯಾವುದೂ ಬೇಡ. ಕಪ್ಪಿನಿಂದ ಬರುವ ಕ್ಯಾಲ್ಸಿಯಂ 240 ಮಿಗ್ರಾಂ ಆಸುಪಾಸು, ದಿನಕ್ಕೆ ಬೇಕಾದ 1,200ರಲ್ಲಿ ಐದನೇ ಒಂದು ಭಾಗ. ಉಳಿದದ್ದನ್ನೂ ವಿಟಮಿನ್ ಡಿಯನ್ನೂ ಭಾರ ಎತ್ತುವ ವ್ಯಾಯಾಮವನ್ನೂ ಇದರ ಹೆಸರಿನಲ್ಲಿ ಬಿಟ್ಟವರಿಗೆ ಕಪ್ಪು ಏನೂ ಮಾಡದು.

ಫಲಿತಾಂಶ ತೋರಿಸಿ ಎಂದು ವರ್ಷಕ್ಕೇ ಡೆಕ್ಸಾ (ಮೂಳೆ ಸಾಂದ್ರತೆ ಅಳೆಯುವ ಎಕ್ಸ್‌ರೇ) ಮಾಡಿಸುವವರು ದುಡ್ಡು ದಂಡ ಮಾಡುತ್ತಾರೆ. ಬೆನ್ನುಮೂಳೆಯಲ್ಲಿ ಅಳತೆಯ ದೋಷ ಶೇ. 1.9ರವರೆಗೆ ಇರಬಹುದೆಂದು ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ. ಅದನ್ನು 2.77ರಿಂದ ಗುಣಿಸಿದರೆ ಶೇ. 5.3. ಒಬ್ಬ ಮಹಿಳೆಯಲ್ಲಿ ಅದಕ್ಕಿಂತ ಕಮ್ಮಿ ಏರಿಳಿತ ಕಂಡರೆ ಅದು ಮೂಳೆಯದೋ ಅಳತೆಯದೋ ಹೇಳಲಾಗದು. ಪ್ರಯೋಗಗಳಲ್ಲಿ ಕಂಡದ್ದು ಶೇ. 1ರ ಆಜುಬಾಜಿನ ವ್ಯತ್ಯಾಸ. ಅಂಥದ್ದು ಗುಂಪಿನ ಸರಾಸರಿಯಲ್ಲಿ ಕಾಣುತ್ತದೆ, ಒಬ್ಬರ ವರದಿಯಲ್ಲಿ ಅಲ್ಲ. ನಾನು ಭರವಸೆ ಕೊಡುವುದು ಕಪ್ಪಿನಲ್ಲಿ ಏನಿದೆ ಎಂಬುದಕ್ಕೆ ಮಾತ್ರ.

ಐವತ್ತರ ಹರೆಯದವರಿಗಾಗಿ ಈಗ ಪ್ಯಾರಾಕೇಸಿ ಕಡೆ ತಿರುಗಿದ್ದೇನೆ. 2019ರ ಸ್ವೀಡನ್ ಪ್ರಯೋಗದಲ್ಲಿ ಪ್ಯಾರಾಕೇಸಿ ಡಿಎಸ್‌ಎಂ 13434 ಮತ್ತು ಎರಡು ಪ್ಲಾಂಟಾರಮ್ ತಳಿಗಳ ಮಿಶ್ರಣ ಬೆನ್ನುಮೂಳೆಯಲ್ಲಿ ಸುಮಾರು ಶೇ. 0.7 ಸವಕಳಿ ತಡೆದಿತ್ತು, ತೊಡೆಮೂಳೆಯ ಕತ್ತಿನಲ್ಲಿ ಏನೂ ಆಗಿರಲಿಲ್ಲ. ಪ್ಯಾರಾಕೇಸಿ ಹಾಲಿನಲ್ಲಿ ಚೆನ್ನಾಗಿ ಬರುತ್ತದೆ. ತೊಂದರೆ ಪ್ಲಾಂಟಾರಮ್‌ನದು: ರ್ಯೂಟೆರಿಯಂತೆಯೇ ಹಾಲಿನಲ್ಲಿ ಸೋಮಾರಿ. ಮೂರನ್ನೂ ಒಂದೇ ಕಪ್ಪಿನಲ್ಲಿ ಬೆಳೆಸುವ ಬದಲು ಪ್ಯಾರಾಕೇಸಿ ಹಾಲಿಗೆ ಪ್ಲಾಂಟಾರಮ್ ತಾಯಿಹೆಪ್ಪನ್ನು ತಣ್ಣಗಾದ ಮೇಲೆ ಬೆರೆಸಿ ನೋಡುತ್ತಿದ್ದೇನೆ. ಎರಡನ್ನೂ ಬಿಡಿಬಿಡಿಯಾಗಿ ಎಣಿಸುವ ಅಗಾರ್ ಮಾತ್ರ ಇನ್ನೂ ಕೈಗೆ ಹತ್ತಿಲ್ಲ.