‘ಗೆಟ್’ ಬಳಸೋದು ಹೇಗೆ? ಸಿಗು, ಆಗು, ಇಸು ನೆನಪಿಡಿ

ನಮ್ಮ ಮನೆ ಜಗಲಿಯಲ್ಲಿ ಸಂಜೆ ಆರರಿಂದ ಏಳರವರೆಗೆ ಇಂಗ್ಲಿಷ್ ಪಾಠ ನಡೆಯುತ್ತದೆ. ಬರುವವರೆಲ್ಲ ದುಡಿಯುವ ಹೆಣ್ಣುಮಕ್ಕಳು. ಹೊಲಿಗೆಯವರಿದ್ದಾರೆ, ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವರಿದ್ದಾರೆ, ಒಬ್ಬರು ಹೋಮ್‌ಸ್ಟೇ ನಡೆಸುತ್ತಾರೆ. ಅವರಿಗೆ ಮೊದಲ ವಾರವೇ ನಾನು ಹೇಳಿಕೊಡುವ ಕ್ರಿಯಾಪದ ‘ಗೆಟ್’. ಡಿಕ್ಷನರಿ ತೆಗೆದರೆ ಇದರ ಅರ್ಥಗಳು ಮುಗಿಯುವುದೇ ಇಲ್ಲ. ಬಾಯಿಪಾಠ ಮಾಡಲು ಹೋಗಬೇಡಿ. ಕನ್ನಡದ ಸಿಗು, ಆಗು, ಆಮೇಲೆ ‘ಮಾಡಿಸು’ ಅನ್ನುವಾಗ ಕೊನೆಗೆ ಬರುವ ‘ಇಸು’, ಈ ಮೂರನ್ನು ನೆನಪಿಟ್ಟುಕೊಳ್ಳಿ.

ಸಿಗು ಅನ್ನುವುದೇ ಇದರ ಹಳೆಯ ಅರ್ಥ. 9ನೇ ಶತಮಾನದಲ್ಲಿ ಡೆನ್ಮಾರ್ಕ್, ನಾರ್ವೆ ಕಡೆಯ ಕಡಲಯಾನಿಗಳಾದ ವೈಕಿಂಗರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗದಲ್ಲಿ ಬಂದು ನೆಲೆಸಿದರು. ಅವರ ನುಡಿಯಲ್ಲಿ ‘ಗೆಟ’ ಅಂದರೆ ಪಡೆಯುವುದು. ಅದೇ ಇಂಗ್ಲಿಷಿಗೆ ಬಂದು ‘ಗೆಟ್’ ಆಯಿತು. ಹಳೆಯ ಇಂಗ್ಲಿಷಿನಲ್ಲೂ ಇದೇ ಬೇರಿನ ಪದ ಇತ್ತು, ಆದರೆ ಬೇರೆ ತುಂಡಿಗೆ ಅಂಟಿಕೊಂಡು. ‘ಫರ್ಗೆಟ್’ ಬಂದದ್ದು ಹಾಗೆ. ಹಿಡಿದದ್ದು ಕೈ ತಪ್ಪಿ ಹೋಗುವುದು, ಅಂದರೆ ಮರೆಯುವುದು. ಇದನ್ನು ಹೇಳಿದ ದಿನ ಯಾರೂ ‘ಫರ್ಗೆಟ್’ ಮರೆಯುವುದಿಲ್ಲ, ನಾನು ನೋಡಿದ್ದೇನೆ.

ಅಂಗಡಿಯಲ್ಲಿ ಏನು ಸಿಗುತ್ತದೆ, ಸಂಬಳ ಎಷ್ಟು ಸಿಗುತ್ತದೆ, ರಜೆ ಸಿಕ್ಕಿತಾ ಎಂದು ಕೇಳುವಾಗೆಲ್ಲ ‘ಗೆಟ್’ ಧೈರ್ಯವಾಗಿ ಹಾಕಿ. ‘ವೇರ್ ಕ್ಯಾನ್ ಐ ಗೆಟ್ ಎ ಸಿಮ್ ಕಾರ್ಡ್?’ ಸರಿಯಾದ ವಾಕ್ಯ. ಆದರೆ ಮನುಷ್ಯರು ಸಿಕ್ಕಾಗ ಹುಷಾರು. ಹೊಲಿಗೆಯವರೊಬ್ಬರು ಒಂದು ಸಂಜೆ ‘ಐ ಗಾಟ್ ಮೈ ಅಂಕಲ್ ಇನ್ ದ ಮಾರ್ಕೆಟ್’ ಅಂದರು. ಮಾರ್ಕೆಟ್‌ನಲ್ಲಿ ಸೋದರಮಾವ ಸಿಕ್ಕಿದ್ದರು ಅಂತ ಅವರ ಮನಸ್ಸಿನಲ್ಲಿ. ಕೇಳಿದವರಿಗೆ ಮಾವನನ್ನು ಅಲ್ಲಿಂದ ಕೊಂಡುತಂದ ಹಾಗೆ ಕೇಳಿಸುತ್ತದೆ. ಅಲ್ಲಿ ‘ಮೆಟ್’ ಬೇಕು. ‘ನಾಳೆ ಸಿಗ್ತೀನಿ’ ಅನ್ನುವುದಕ್ಕೂ ‘ಸೀ ಯು ಟುಮಾರೋ’ ಸಾಕು.

ಇನ್ನು ಆಗು. ಮಳೆಗೆ ಒದ್ದೆ ಆದೆ: ‘ಐ ಗಾಟ್ ವೆಟ್’. ಕತ್ತಲಾಯಿತು: ‘ಇಟ್ ಗಾಟ್ ಡಾರ್ಕ್’. ಸುಸ್ತಾಗುತ್ತಿದೆ: ‘ಐ ಆಮ್ ಗೆಟಿಂಗ್ ಟೈರ್ಡ್’. ನಮ್ಮಲ್ಲಿ ಜಾಸ್ತಿ ತಪ್ಪುವುದು ಮದುವೆ ವಿಷಯದಲ್ಲಿ. ‘ಮದುವೆ ಆಯ್ತು’ ಅಂತ ಹೇಳಲು ಹೋಗಿ ‘ಮೈ ಮ್ಯಾರೇಜ್ ಈಸ್ ಓವರ್’ ಅನ್ನುತ್ತೇವೆ. ಇಂಗ್ಲಿಷಿನವರ ಕಿವಿಗೆ ಅದು ಸಂಸಾರ ಮುರಿದುಬಿದ್ದ ಸುದ್ದಿ. ‘ಐ ಗಾಟ್ ಮ್ಯಾರೀಡ್ ಇನ್ 2011’ ಅನ್ನಿ.

ಎಲ್ಲ ‘ಆಯ್ತು’ಗೂ ಇದು ಹೊಂದುವುದಿಲ್ಲ. ಆಗು ಪದದ ಹಿಂದೆ ಏನಿದೆ ನೋಡಿ. ಒದ್ದೆ, ಸುಸ್ತು, ಸಿಟ್ಟು ಇವೆಲ್ಲ ಹೇಗಿದ್ದೇವೆ ಅನ್ನುವುದನ್ನು ಹೇಳುತ್ತವೆ. ಅಲ್ಲಿ ‘ಗೆಟ್’ ಸರಿ. ಮಗಳು ಡಾಕ್ಟರ್ ಆದಳು ಅಂದರೆ ‘ಗಾಟ್ ಡಾಕ್ಟರ್’ ಆಗುವುದಿಲ್ಲ, ‘ಬಿಕೇಮ್ ಎ ಡಾಕ್ಟರ್’. ‘ಊಟ ಆಯ್ತಾ?’ ಅನ್ನುವುದು ಮುಗಿಯಿತಾ ಎಂಬ ಪ್ರಶ್ನೆ. ಅದಕ್ಕೆ ‘ಹ್ಯಾವ್ ಯು ಹ್ಯಾಡ್ ಲಂಚ್?’

ಮೂರನೆಯದು ನನಗೆ ತುಂಬಾ ಇಷ್ಟ. ಇದನ್ನು ಕಲಿತರೆ ಇಂಗ್ಲಿಷ್ ನಿಜಕ್ಕೂ ಕೈಗೆ ಬಂತು ಅಂದುಕೊಳ್ಳಿ. ಹೊಲಿದೆ ಬೇರೆ, ಹೊಲಿಸಿದೆ ಬೇರೆ ಅಲ್ವಾ? ಕನ್ನಡದಲ್ಲಿ ಒಂದೇ ‘ಇಸು’ ಸೇರಿಸಿದರೆ ಕೆಲಸ ಇನ್ನೊಬ್ಬರ ಕೈಗೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ‘ಗೆಟ್’ ಮಾಡುತ್ತದೆ. ‘ಐ ಸ್ಟಿಚ್ಡ್ ಮೈ ಬ್ಲೌಸ್’ ಅಂದರೆ ಮೆಷಿನ್ ಮುಂದೆ ಕೂತವರು ನೀವೇ. ಟೈಲರ್ ಹತ್ತಿರ ಕೊಟ್ಟಿದ್ದರೆ ‘ಐ ಗಾಟ್ ಮೈ ಬ್ಲೌಸ್ ಸ್ಟಿಚ್ಡ್’. ಮೊದಲು ‘ಗಾಟ್’, ಆಮೇಲೆ ವಸ್ತು, ಕೊನೆಗೆ ಆದ ಕೆಲಸ. ‘ಸ್ಟಿಚ್’ ಅಲ್ಲ, ‘ಸ್ಟಿಚ್ಡ್’. ಕೂದಲು ಕತ್ತರಿಸಿಕೊಂಡಾಗಲೂ ‘ಐ ಗಾಟ್ ಮೈ ಹೇರ್ ಕಟ್’. ತಮ್ಮನ ಕೈಲಿ ಹಾಲು ತರಿಸಿದೆ ಅಂತ ಆಳನ್ನೂ ಹೇಳಬೇಕಾದರೆ ನಡುವೆ ‘ಟು’ ಬರುತ್ತದೆ: ‘ಐ ಗಾಟ್ ಮೈ ಬ್ರದರ್ ಟು ಬ್ರಿಂಗ್ ಮಿಲ್ಕ್’.

ಬಸ್ ಹತ್ತುವುದಕ್ಕೆ ‘ಗೆಟ್ ಆನ್’, ಕಾರಿಗೆ ‘ಗೆಟ್ ಇನ್’. ಒಳಗೆ ಎದ್ದು ನಿಂತು ಓಡಾಡುವ ಜಾಗ ಇದ್ದರೆ ‘ಆನ್’. ಬಸ್ ಇಳಿಯುವುದಕ್ಕೆ ನಾವು ‘ಗೆಟ್ ಡೌನ್’ ಅನ್ನುತ್ತೇವೆ. ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಲಂಡನ್ ಬಸ್ಸಿನಲ್ಲಿ ‘ಗೆಟ್ ಆಫ್’ ಅನ್ನಿ. ಅಮೆರಿಕದಲ್ಲಿರುವ ಮಕ್ಕಳು ಫೋನಿನಲ್ಲಿ ‘ಗಾಟನ್’ ಅಂದರೆ ತಿದ್ದಬೇಡಿ. ಅದು ಹಳೆಯ ರೂಪ, ಅಲ್ಲಿ ಉಳಿದಿದೆ. ‘ಫರ್ಗಾಟನ್’ ಅಂತ ನಾವೂ ಹೇಳುತ್ತೇವಲ್ಲ.

ಅಭ್ಯಾಸಕ್ಕೆ ಪುಸ್ತಕ ಬೇಡ. ರಾತ್ರಿ ಮಲಗುವ ಮುಂಚೆ ಆ ದಿನ ಸಿಕ್ಕಿದ್ದು ಒಂದು, ಆದದ್ದು ಒಂದು, ಮಾಡಿಸಿದ್ದು ಒಂದು, ಹೀಗೆ ಮೂರು ವಾಕ್ಯ ಗಟ್ಟಿಯಾಗಿ ಹೇಳಿ. ಮಾವನ ವಾಕ್ಯ ಹೇಳಿದ್ದ ಅದೇ ಹೊಲಿಗೆಯವರು ಮೊನ್ನೆ ಚಪ್ಪಲಿ ಬಿಡುತ್ತಲೇ ಒಂದೇ ಉಸಿರಿಗೆ ಹೇಳಿದರು: ‘ಐ ಗಾಟ್ ಎ ನ್ಯೂ ಆರ್ಡರ್, ಐ ಗಾಟ್ ಲೇಟ್, ಐ ಗಾಟ್ ಮೈ ಮೆಷಿನ್ ರಿಪೇರ್ಡ್’. ನಡುವಿನದಕ್ಕೆ ‘ಐ ವಾಸ್ ಲೇಟ್’ ಅಂತ ಬರೆದುಕೊಟ್ಟೆ. ಉಳಿದೆರಡು ಅಚ್ಚುಕಟ್ಟಾಗಿದ್ದವು.