ಉಂಗುರದ ಕಲ್ಲು ಅಲುಗಾಡುತ್ತಿತ್ತು: ಕೊನೆಗೆ ಸರಿಹೋದ ಬಗೆ

ನಿಶ್ಚಿತಾರ್ಥದ ಉಂಗುರವನ್ನು ಕಿವಿಯ ಬಳಿ ಹಿಡಿದು ತಟ್ಟಿದರೆ ಟಿಕ್ ಟಿಕ್ ಸದ್ದು ಬರುತ್ತಿತ್ತು. ಉಣ್ಣೆಯ ಬಟ್ಟೆಗೆ ತಗುಲಿದರೆ ಎಳೆ ಸಿಕ್ಕಿಕೊಳ್ಳುತ್ತಿತ್ತು. ವಜ್ರವನ್ನು ಹಿಡಿದಿಡುವ ನಾಲ್ಕು ಲೋಹದ ಉಗುರುಗಳಲ್ಲಿ ಒಂದು ಸವೆದಿತ್ತು.

ಮನೆಯಲ್ಲಿ ಹಾಕಿದ ಅಂಟು ನಿಲ್ಲಲಿಲ್ಲ, ಕಲ್ಲಿನಡಿ ಕೊಳೆ ಕಟ್ಟಿತು. ಒಂದು ಅಂಗಡಿಯಲ್ಲಿ ಇಕ್ಕಳದಿಂದ ಒತ್ತಿ ಕೊಟ್ಟರು; ಮೂರು ವಾರಕ್ಕೆ ಮತ್ತೆ ಅದೇ ಸದ್ದು. ಸವೆದ ಲೋಹವನ್ನು ಬಗ್ಗಿಸಿದರೆ ಅದು ಗಟ್ಟಿಯಾಗುವುದಿಲ್ಲ. ಇನ್ನೊಂದು ಅಂಗಡಿಯಲ್ಲಿ ಕೆಲಸ ಹೊರಗೆ ಹೋಗುತ್ತಿತ್ತು. ಮಾಡುವವರು ಯಾರೆಂದು ಹೇಳಲಿಲ್ಲ.

ಆಮೇಲೆ ಮಾರಾಟಗಾರರನ್ನು ಬಿಟ್ಟು, ಸ್ವತಃ ಕಲ್ಲು ಕೂರಿಸುವ ಅಕ್ಕಸಾಲಿಗರನ್ನೇ ಹುಡುಕಿದೆ. ಬೆಲೆಗೆ ಮೊದಲು ಕೇಳಿದ ಪ್ರಶ್ನೆ ಒಂದೇ: ಹೇಗೆ ಸರಿಮಾಡುತ್ತೀರಿ? ಮೂರನೆಯವರು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿ, ಎದುರಿನ ಉಗುರೂ ತೆಳುವಾಗಿದೆ ಎಂದು ನನಗೂ ತೋರಿಸಿದರು. ನಂಬಿಕೆ ಹುಟ್ಟಿದ್ದು ಅಲ್ಲಿಯೇ.

ಒಪ್ಪಿಸುವ ಮೊದಲು ಕಲ್ಲಿನ ಅಳತೆ, ಒಳಗಿನ ಕಲೆಗಳ ಜಾಗ, ಉಂಗುರದ ತೂಕ ಎಲ್ಲವನ್ನೂ ರಸೀದಿಯಲ್ಲಿ ಬರೆಸಿ ಫೋಟೊ ತೆಗೆದುಕೊಂಡೆ. ಇದನ್ನು ಬಿಡಲೇಬೇಡಿ. ಅವರು ಮೊದಲು ಉಂಗುರವನ್ನು ತೊಳೆದರು, ಕಲ್ಲನ್ನು ಬಿಡಿಸಿದರು, ಎರಡೂ ಉಗುರುಗಳ ತುದಿಗೆ ಅದೇ ಕ್ಯಾರೆಟ್ಟಿನ ಚಿನ್ನವನ್ನು ಬೆಸೆದರು, ಕಲ್ಲನ್ನು ಮತ್ತೆ ಕೂರಿಸಿ ಕೊನೆಯಲ್ಲಿ ಹೊಳಪು ಕೊಟ್ಟರು. ಪಚ್ಚೆ ಅಥವಾ ಓಪಲ್ ಇದ್ದರೆ ಬೆಸುಗೆಗೆ ಮೊದಲು ಬಿಡಿಸುವುದು ಕಡ್ಡಾಯ. ಅವು ಶಾಖಕ್ಕೆ ಸೀಳುತ್ತವೆ.

ಮರಳಿ ಪಡೆಯುವಾಗ ಅಲ್ಲೇ ಮಸೂರದಲ್ಲಿ ಕಲೆಗಳನ್ನು ಹೋಲಿಸಿ ನೋಡಿದೆ, ಕಿವಿಯ ಬಳಿ ತಟ್ಟಿದೆ, ಉಗುರುಗಳ ಮೇಲೆ ಹತ್ತಿ ಎಳೆದೆ. ಸದ್ದಿಲ್ಲ, ಎಳೆ ಸಿಕ್ಕಲಿಲ್ಲ.