ಹೊಸ ಫೋನ್ ಓಡುತ್ತಾ, ಮಕಾಡೆ ಮಲಗುತ್ತಾ? ದುಡ್ಡು ಕೊಡುವ ಮುಂಚೆ ಹೀಗೆ ಲೆಕ್ಕ ಹಾಕಿ

ಲಾಂಚ್ ದಿನ ಎಲ್ಲ ಫೋನೂ ಸೂಪರ್ ಹಿಟ್ಟೇ. ಯೂಟ್ಯೂಬ್ ತುಂಬಾ ಅದೇ ಇರುತ್ತೆ, ಸೇಲ್ ಶುರುವಾದ ಕೆಲವೇ ಸೆಕೆಂಡಿಗೆ 'ಸೋಲ್ಡ್ ಔಟ್' ಅಂತ ಪೋಸ್ಟರ್ ಬೇರೆ. ಅದನ್ನೆಲ್ಲ ಪಕ್ಕಕ್ಕಿಡಿ. ಮೊದಲು ಇದೊಂದನ್ನು ಕೇಳಿಕೊಳ್ಳಿ: ಈ ಬೆಲೆಗೆ ಜನ ಈಗ ಯಾವ ಫೋನ್ ತಗೊಳ್ತಿದ್ದಾರೆ, ಅದನ್ನು ಬಿಟ್ಟು ಇದಕ್ಕೆ ಬರೋಕೆ ಕಾರಣ ಏನು? ಉತ್ತರ ಒಂದೇ ವಾಕ್ಯದಲ್ಲಿ ಬರಬೇಕು, ಅದೂ ನಿಮ್ಮ ಮಾತಲ್ಲಿ. ಬರಲಿಲ್ಲ ಅಂದರೆ ಆ ಫೋನಿಗೆ ಕಷ್ಟ ಇದೆ.

ಅಮೆಜಾನ್ 2014ರಲ್ಲಿ ಅಮೆರಿಕದಲ್ಲಿ ಬಿಟ್ಟ ಫೈರ್ ಫೋನ್ ನೋಡಿ. ಮುಂದುಗಡೆ ನಾಲ್ಕು ಮೂಲೆಗೆ ನಾಲ್ಕು ಕ್ಯಾಮೆರಾ ಇಟ್ಟು, ನಿಮ್ಮ ತಲೆ ಅಲ್ಲಾಡಿದ ಹಾಗೆಲ್ಲ ಪರದೆಯ ಚಿತ್ರವೂ 3ಡಿ ಥರ ವಾಲುವಂತೆ ಮಾಡಿದ್ದರು. ನೋಡೋಕೆ ಚೆನ್ನಾಗೇ ಇತ್ತು, ಆದರೆ ಯಾರಿಗೆ ಬೇಕಿತ್ತು? ಗೂಗಲ್ ಪ್ಲೇ ಸ್ಟೋರ್ ಇಲ್ಲ, ಎಟಿ ಅಂಡ್ ಟಿ ಒಂದೇ ನೆಟ್‌ವರ್ಕಿನಲ್ಲಿ ಮಾರಾಟ, ಬೆಲೆ ಮಾತ್ರ ಐಫೋನಿಗೆ ಸಮ: ಆ ನೆಟ್‌ವರ್ಕಿನ ಜೊತೆ ಎರಡು ವರ್ಷದ ಕರಾರು ಮಾಡಿಕೊಂಡರೆ 199 ಡಾಲರ್, ಇಲ್ಲದಿದ್ದರೆ 649. ಜುಲೈ ಕೊನೆಗೆ ಬಂದ ಫೋನು ಸೆಪ್ಟೆಂಬರಿಗೆಲ್ಲ, ಅದೇ ಕರಾರಿನ ಜೊತೆ, 99 ಸೆಂಟಿಗೆ, ಅಂದರೆ ಒಂದು ಡಾಲರಿಗಿಂತ ಕಮ್ಮಿಗೆ, ಇಳಿಯಿತು. ಕಂಪನಿ 17 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು.

ಅದೇ ವರ್ಷ ಫೆಬ್ರವರಿಯಲ್ಲಿ ನಮ್ಮಲ್ಲಿ ಫ್ಲಿಪ್‌ಕಾರ್ಟಿಗೆ ಮೋಟೋ ಜಿ ಬಂದಿತ್ತು, 8 ಜಿಬಿ ಮಾದರಿಗೆ 12,499 ರೂಪಾಯಿ. ತೋರಿಸೋಕೆ ಅಂಥ ಚಮತ್ಕಾರ ಏನೂ ಇರಲಿಲ್ಲ. ಆದರೆ ಆಗ ಅಷ್ಟೇ ದುಡ್ಡಿಗೆ ಸಿಗುತ್ತಿದ್ದ ಎಷ್ಟೋ ಫೋನ್‌ಗಳು ನಾಲ್ಕು ಆಪ್ ತೆರೆದರೆ ತಿಣುಕಾಡುತ್ತಿದ್ದವು, ಇದು ಆರಾಮಾಗಿ ಓಡುತ್ತಿತ್ತು, ಮೇಲೆ ಎಚ್‌ಡಿ ಪರದೆ. ಕಾರಣ ಒಂದು ವಾಕ್ಯದಲ್ಲಿ ಬಂತು ಅಲ್ವಾ? ಜನ ಮುಗಿಬಿದ್ದು ತಗೊಂಡರು.

ಬೆಲೆ ನೋಡುವಾಗ ಅಕ್ಕಪಕ್ಕದಲ್ಲಿ ಯಾರಿದ್ದಾರೆ ಅನ್ನೋದೇ ಮುಖ್ಯ. 2021ರ ಜೂನಿನಲ್ಲಿ ಜಿಯೋಫೋನ್ ನೆಕ್ಸ್ಟ್ ಘೋಷಣೆ ಆದಾಗ ತೀರಾ ಅಗ್ಗಕ್ಕೆ ಸ್ಮಾರ್ಟ್‌ಫೋನ್ ಸಿಗುತ್ತೆ ಅಂತ ಜನ ಕಾದರು. ದೀಪಾವಳಿಗೆ ಬಂದಾಗ ಬೆಲೆ 6,499. ಕೀಪ್ಯಾಡಿನ ಜಿಯೋಫೋನನ್ನು 1,500 ರೂಪಾಯಿ ಡೆಪಾಸಿಟ್ ಕಟ್ಟಿ ತಂದವರಿಗೆ ಇದು ದೊಡ್ಡ ಮೊತ್ತ. ಅಷ್ಟು ಕೊಡೋಕೆ ರೆಡಿ ಇದ್ದವರಿಗೆ ಇನ್ನು ಸ್ವಲ್ಪ ಸೇರಿಸಿದರೆ ರೆಡ್‌ಮಿಯೇ ಸಿಗುತ್ತಿತ್ತು. ಎರಡೂ ಕಡೆಯವರು ಕೈತಪ್ಪಿದರು.

ಆನ್‌ಲೈನಿನಲ್ಲಿ ಕೇಳುವ ಕೂಗನ್ನು ನಂಬಬೇಡಿ. ಚಿಕ್ಕ ಫೋನ್ ಬೇಕು ಅಂತ ವರ್ಷಗಟ್ಟಲೆ ಕೇಳಿದವರಿದ್ದರು, ಆಪಲ್ 2020ರಲ್ಲಿ ಚಿಕ್ಕ ಐಫೋನ್ 12 ಮಿನಿ ಕೊಟ್ಟಿತು, ಮರುವರ್ಷ 13 ಮಿನಿ, 2022ರಲ್ಲಿ ಮಿನಿಯೇ ಇಲ್ಲ. ಕೇಳೋರು ಬೇರೆ, ಕೊಳ್ಳೋರು ಬೇರೆ.

ಇನ್ನು ಸೇಲ್ ಶುರುವಾದ ಮೇಲೆ ನೋಡಬೇಕಾದ್ದು. 'ಸೆಕೆಂಡಲ್ಲಿ ಖಾಲಿ' ಅಂದರೆ ಎಷ್ಟು ಪೀಸ್ ಇಟ್ಟಿದ್ದರು ಅಂತ ಹುಡುಕಿ. ಸಂಖ್ಯೆ ಹೇಳಿಲ್ಲ ಅಂದರೆ ಆ ಸುದ್ದಿಗೆ ಬೆಲೆ ಇಲ್ಲ. 'ಇಷ್ಟು ಲಕ್ಷ ಶಿಪ್‌ಮೆಂಟ್' ಅಂದರೆ ಫ್ಯಾಕ್ಟರಿಯಿಂದ ಡೀಲರುಗಳ ಕಡೆ ಹೊರಟ ಮಾಲು, ಗಿರಾಕಿ ಕೈಗೆ ಬಂದದ್ದಲ್ಲ. ನನಗೆ ಹೆಚ್ಚು ನಂಬಿಕೆ ಇರೋದು ನಿಮ್ಮೂರ ಬಸ್‌ಸ್ಟ್ಯಾಂಡ್ ಹತ್ತಿರದ ಸಣ್ಣ ಮೊಬೈಲ್ ಅಂಗಡಿ ಮೇಲೆ. ಲಾಂಚ್ ಆಗಿ ಒಂದೆರಡು ತಿಂಗಳಿಗೆ ಹೋಗಿ ಆ ಮಾಡೆಲ್‌ಗೆ ಬ್ಯಾಕ್ ಕವರ್, ಟೆಂಪರ್ಡ್ ಗ್ಲಾಸ್ ಇದೆಯಾ ಕೇಳಿ. ಓಡದ ಮಾಡೆಲಿನ ಕವರ್ ತಂದಿಟ್ಟು ದುಡ್ಡು ಹಾಳು ಮಾಡಿಕೊಳ್ಳೋಕೆ ಆ ಅಂಗಡಿಯವರು ತಯಾರಿರಲ್ಲ, ಹಾಗಾಗಿ ನಾಲ್ಕೈದು ಬಣ್ಣ ತೂಗುಹಾಕಿದ್ದರೆ ಫೋನ್ ನಿಜಕ್ಕೂ ಹೋಗ್ತಿದೆ ಅಂತ ತಿಳಿಯಿರಿ. ಸೆಕೆಂಡ್ ಹ್ಯಾಂಡ್ ರೇಟೂ ನೋಡಿ: ಅದು ಬೇಗ ಬಿದ್ದರೆ ತಗೊಂಡವರಿಗೇ ಬೇಡವಾಗಿದೆ.

ಬೆಲೆ ಇಳಿದ ತಕ್ಷಣ ತೋಪು ಅಂತಲೂ ತೀರ್ಮಾನಿಸಬೇಡಿ. 2007ರ ಮೊದಲ ಐಫೋನಿಗೆ 3ಜಿ ಇರಲಿಲ್ಲ, ಆಪ್ ಸ್ಟೋರೂ ಇರಲಿಲ್ಲ, ಮೈಕ್ರೋಸಾಫ್ಟಿನ ಆಗಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಇದಕ್ಕೆ ಮಾರುಕಟ್ಟೆಯಲ್ಲಿ ಹೇಳಿಕೊಳ್ಳುವ ಪಾಲು ಸಿಗೋದೇ ಇಲ್ಲ ಅಂದುಬಿಟ್ಟಿದ್ದರು. ಎರಡು ತಿಂಗಳಿಗೆ ಆಪಲ್ ಬೆಲೆಯನ್ನು 599 ಡಾಲರಿನಿಂದ 399ಕ್ಕೆ ಇಳಿಸಿತು. ಆದರೆ 74 ದಿನಕ್ಕೆ ಹತ್ತು ಲಕ್ಷ ಫೋನ್ ಮಾರಾಟವಾಗಿತ್ತು. ಬೆರಳಲ್ಲಿ ಸವರಿದರೆ ಇಡೀ ವೆಬ್‌ಪುಟ ಕೈಯಲ್ಲಿ ಅನ್ನುವ ಆ ಒಂದು ವಾಕ್ಯ ಗಟ್ಟಿಯಾಗಿತ್ತು.

ಇಷ್ಟೆಲ್ಲ ನೋಡಿಯೂ ಓಡದ ಫೋನೇ ನಿಮಗೆ ಇಷ್ಟವಾಯಿತಾ? ತಗೊಳ್ಳಿ, ರೇಟ್ ಇಳಿದ ಮೇಲೆ ಒಳ್ಳೇ ಡೀಲೇ ಆಗಬಹುದು. ಇ.ಎಂ.ಐ.ಗೆ ಸಹಿ ಹಾಕುವ ಮುಂಚೆ ಮಾತ್ರ ಹತ್ತಿರದ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, ಡಿಸ್‌ಪ್ಲೇ ಒಡೆದರೆ ಎಷ್ಟಾಗುತ್ತೆ, ಪಾರ್ಟ್ ಸ್ಟಾಕ್ ಇದೆಯಾ ಅಂತ ಕೇಳಿಕೊಳ್ಳಿ.